ಹಂಡೆಗೆ ದಯಮಾಡಿಸಿ, ಮಂತ್ರಿವರ್ಯ

ಭೋಜರಾಜ ಒಮಾನ್ ಬಿಟ್ಟು ಊರಿಗೆ ಹೋಗುತ್ತಾನಂತೆ ಎಂಬ ಸುದ್ದಿ ನಮ್ಮ ಊರಿನವರ ಸಂಘದ ವಾಟ್ಸಾಪ್ ಗುಂಪಿನಲ್ಲಿ ಬಂದಾಗ ನಾನು ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂತು ಗಟ್ಟಿಯಾಗಿ ನಕ್ಕುಬಿಟ್ಟೆ. ಹಲ್ಲುನೋವಿಗೆ ಕೆನ್ನೆ ಹಿಡಿದು ಕೂತಿದ್ದ ಒಮಾನಿ ಅಜ್ಜ ನನ್ನನ್ನು ದುರುಗುಟ್ಟಿ ನೋಡಿದರು. ಅವರಿಗೇನು ಗೊತ್ತು, ಪಾಪ. ಪುಣ್ಯಾತ್ಮ ಹಾರ ಹಾಕಿಸಿಕೊಂಡು, ಶಾಲು ಹೊದೆಸಿಕೊಂಡು, ವಿಮಾನ ಹತ್ತಿ ಹೋಗಿಬಿಟ್ಟರೆ ಆಮೇಲೆ ನಾನು ಯಾರ ಕುತ್ತಿಗೆ ಹಿಡಿಯುವುದು? ಇದ್ದರೆ ಈಗ, ಇಲ್ಲದಿದ್ದರೆ ಇಲ್ಲ. ಅದಕ್ಕೇ ನಕ್ಕಿದ್ದು.

ನಾನು ಲೋಲಾಕ್ಷಿ. ತವರು ತುಳುನಾಡಿನ ಬೆಳ್ಮಣ್ಣು ಕಡೆ. ಈಗ ಇರುವುದು ಮಸ್ಕತ್ತಿನ ಸೀಬ್‌ನ ಒಂದು ಫ್ಲ್ಯಾಟಿನಲ್ಲಿ. ನನ್ನ ಗಂಡ ಶೈಲೇಶ್ ಮತ್ತು ಈ ಭೋಜರಾಜ ಮೊದಲು ಬೌಷರಿನ ಒಂದೇ ಕಂಪೆನಿಯಲ್ಲಿ ಇದ್ದವರು, ಕಟ್ಟಡದ ಸಾಮಾನು ತರಿಸಿ ಮಾರುವ ಕಂಪೆನಿ. ಮದುವೆಗೆ ಮುಂಚೆ ಒಂದೇ ರೂಮು, ಒಂದೇ ಪಾತ್ರೆಯ ಗಂಜಿ. ಆ ಕಂಪೆನಿ ಟೆಂಡರಿಗೆ ಹಾಕುವ ದರ ಎದುರಾಳಿ ಕಂಪೆನಿಗೆ ಮೊದಲೇ ಗೊತ್ತಾಗತೊಡಗಿತು. ಒಳಗಿನವರು ಯಾರೋ ಹೇಳುತ್ತಿದ್ದರು. ನಮ್ಮವರ ವೀಸಾಕ್ಕೆ ಹೊಣೆ ನಿಂತ ಕಫೀಲ್ ಆಗಿದ್ದ ಮುದುಕ ಯಜಮಾನರು ಯಾರೆಂದು ಕೇಳಿದಾಗ ಭೋಜರಾಜ ನನ್ನ ಗಂಡನ ಹೆಸರು ಹೇಳಿದ. ಅದೂ ಹೇಗೆ? ಕಣ್ಣಲ್ಲಿ ನೀರು ತಂದುಕೊಂಡು, 'ನನಗೆ ತಮ್ಮನ ಹಾಗೆ, ಪೊಲೀಸಿಗೆ ಮಾತ್ರ ಕೊಡಬೇಡಿ' ಎಂದು. ಯಜಮಾನರೇ ಇವರನ್ನು ಮನೆಗೆ ಕಳಿಸುವಾಗ ಇದನ್ನು ಹೇಳಿದರು. ಹಾಗೆ ಕೆಲಸ ಖಲಾಸ್. ವರ್ಷ ತಿರುಗುವುದರೊಳಗೆ ಭೋಜರಾಜ ಅದೇ ಎದುರಾಳಿ ಕಂಪೆನಿಯಲ್ಲಿ ಮ್ಯಾನೇಜರಾಗಿ ಕೂತ. ಗುಟ್ಟು ಕೊಟ್ಟವನು ಯಾರು ಎಂದು ತಿಳಿಯಲು ಜೋಯಿಸರನ್ನು ಕರೆಸಿ ಅಷ್ಟಮಂಗಲ ಪ್ರಶ್ನೆ ಇಡಿಸಬೇಕಾ?

ನಮ್ಮವರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಏನು? ಆದರೆ ಭೋಜರಾಜ ಸಂಘದ ಅಧ್ಯಕ್ಷ. ಒಬ್ಬರ ತಮ್ಮನಿಗೆ ವೀಸಾ, ಇನ್ನೊಬ್ಬರ ಮಗುವಿಗೆ ಶಾಲೆಯಲ್ಲಿ ಸೀಟು, ಎಲ್ಲಕ್ಕೂ ಅವನ ಒಂದು ಫೋನು ಬೇಕು. ಹಾಗಾಗಿ ಕಳ್ಳ ಶೈಲೇಶ್ ಎಂದಾಯಿತು. ನಮ್ಮನ್ನು ಪೂಜೆಗೆ ಕರೆಯುವುದು ನಿಂತಿತು. ಪಕ್ಕದ ಫ್ಲ್ಯಾಟಿನ ಜಾಯ್ಸನ್, ಪ್ರತಿ ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿಯ ತಟ್ಟೆ ಹಿಡಿದು ಬರುತ್ತಿದ್ದವರು, ಲಿಫ್ಟಿನಲ್ಲಿ ನಮ್ಮನ್ನು ಕಂಡರೆ ಫೋನು ಕಿವಿಗೆ ಹಿಡಿಯತೊಡಗಿದರು. ನನ್ನ ಗಂಡನಿಗೆ ಕೊನೆಗೆ ದೂರದ ಸೂರ್‌ನ ಒಂದು ವರ್ಕ್‌ಶಾಪಿನಲ್ಲಿ ಸ್ಟೋರ್‌ಕೀಪರ್ ಕೆಲಸ ಸಿಕ್ಕಿತು. ಗುರುವಾರ ಸಂಜೆ ಬರುತ್ತಾರೆ, ಶನಿವಾರ ಹೋಗುತ್ತಾರೆ. ಮೂರು ಮನೆಗೆ ಕೇಳುವ ಹಾಗೆ ನಗುತ್ತಿದ್ದ ಮನುಷ್ಯ ಈಗ ಟೀವಿಯ ಶಬ್ದವನ್ನೂ ಕಮ್ಮಿ ಇಡುತ್ತಾರೆ.

ನನಗೆ ಬೇಕಿದ್ದದ್ದು ಒಂದೇ. ಅದೇ ಸಂಘದ ಎದುರು, ಅವನದೇ ಬಾಯಿಂದ, ನನ್ನ ಗಂಡ ಕಳ್ಳ ಅಲ್ಲ ಎಂಬ ಮಾತು. ಮತ್ತೆ, ಸುಳ್ಳೇಕೆ ಹೇಳಲಿ, ಆ ಮಾತು ಹೊರಡುವಾಗ ಅವನ ಮುಖ ಹೇಗಾಗುತ್ತದೆ ಎಂದು ಹತ್ತಿರದಿಂದ ನೋಡಬೇಕಿತ್ತು.

ಬೀಳ್ಕೊಡುಗೆಗೆ ತಾಳಮದ್ದಲೆ ಕೂಟ ಇಡುವುದೆಂದಾಯಿತು. ಮಸ್ಕತ್ತಿನಲ್ಲಿ ತಾಳಮದ್ದಲೆ ಎಂದರೆ ಭೋಜರಾಜ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ದೀಪದ ಬಳಿ ಎದುರುಬದುರು ಕೂತ ಅರ್ಥಧಾರಿಗಳು ತಾವೇ ಪಾತ್ರವಾಗಿ ಆ ಪದ್ಯಕ್ಕೆ ಆಗಿಂದಾಗ ಮಾತು, ಅಂದರೆ ಅರ್ಥ, ಹೊಸೆಯುತ್ತಾರೆ. ಬಾಯಿಪಾಠದ ಸಂಭಾಷಣೆ ಇಲ್ಲ. ಎದುರಿನವರು ಕೇಳಿದ್ದಕ್ಕೆ ಕೂತಲ್ಲೇ ಉತ್ತರ ಕೊಡಬೇಕು. ತಡವರಿಸಿದವನು ಸೋತ, ಎದ್ದು ಹೋದವನು ಸತ್ತ. ಭೋಜರಾಜ ಎಂದೂ ತಡವರಿಸಿದವನಲ್ಲ. ಆ ಜಂಬಕ್ಕೆ ಅವನಿಗೊಂದು ಚಾಳಿ ಅಂಟಿತ್ತು: ಹೊಸ ಪ್ರಸಂಗವಾದರೆ ಕಥೆಯನ್ನು ಪೂರ್ತಿ ಓದುವುದಿಲ್ಲ. 'ನನ್ನ ಪದ್ಯ ಎಷ್ಟುಂಟು ಅಷ್ಟು ಕಳಿಸಿ, ಉಳಿದದ್ದು ನಾಲಿಗೆ ನೋಡಿಕೊಳ್ತದೆ' ಎಂದು ಸಭೆಯಲ್ಲೇ ಹೇಳಿಕೊಳ್ಳುತ್ತಿದ್ದ.

ಅದೇ ವಾರ ನನ್ನ ಮಗಳು ಅಕ್ಷಿತಾ ಶಾಲೆಯ ಹಿಸ್ಟರಿ ಪ್ರಾಜೆಕ್ಟಿಗೆ ಚೀನಾದ ಒಬ್ಬ ರಾಣಿಯ ಚಾರ್ಟು ಮಾಡುತ್ತಿದ್ದಳು. 'ಅಮ್ಮ, ಶೀ ಈಸ್ ಸೋ ಸ್ಕೇರಿ, ಕೇಳು' ಎಂದು ಓದತೊಡಗಿದಳು. ನಾನು ಗಸಿಗೆ ತೆಂಗಿನಕಾಯಿ ತುರಿಯುತ್ತ ಕೇಳಿದೆ.

ವೂ ಜೆಟಿಯನ್ ಅಂತ ಹೆಸರು. ಸಾವಿರದ ಮುನ್ನೂರು ವರ್ಷದ ಹಿಂದಿನವಳು. ಹದಿನಾಲ್ಕರ ಪ್ರಾಯಕ್ಕೆ ಅರಮನೆ ಸೇರಿದಳು, ಅರಸನ ಹತ್ತಾರು ಹೆಂಗಸರ ಪೈಕಿ ಕೆಳಗಿನ ಸಾಲಿನವಳಾಗಿ. ಅರಸ ಸತ್ತಾಗ ತಲೆ ಬೋಳಿಸಿ ಸನ್ಯಾಸಿನಿಯರ ಮಠಕ್ಕೆ ಅಟ್ಟಿದರು. ಬೇರೆಯವಳಾಗಿದ್ದರೆ ಅಲ್ಲೇ ಜಪಮಣಿ ಎಣಿಸುತ್ತ ಮುದುಕಿಯಾಗುತ್ತಿದ್ದಳು. ಇವಳು ಕಾದಳು. ಹೊಸ ಅರಸನ ಪಟ್ಟದರಸಿಯೇ ತನ್ನ ಸವತಿಯ ಸೊಕ್ಕು ಮುರಿಯಲಿ ಎಂದು ಇವಳನ್ನು ಅರಮನೆಗೆ ವಾಪಸು ಕರೆಸಿಕೊಂಡಳಂತೆ. ಹಾಲಿಗೆ ಬೆಕ್ಕನ್ನು ಕಾವಲಿಟ್ಟ ಬುದ್ಧಿವಂತೆ! ಕೆಲವೇ ವರ್ಷದಲ್ಲಿ ಪಟ್ಟದರಸಿಯೂ ಇಲ್ಲ, ಸವತಿಯೂ ಇಲ್ಲ, ಸಿಂಹಾಸನದ ಪಕ್ಕ ಇವಳು. ಸಾಯುವ ಮುಂಚೆ ಆ ಸವತಿ, 'ಮುಂದಿನ ಜನ್ಮದಲ್ಲಿ ನಾನು ಬೆಕ್ಕಾಗುತ್ತೇನೆ, ನೀನು ಇಲಿಯಾಗು, ನಿನ್ನ ಗಂಟಲು ಹಿಡಿಯುತ್ತೇನೆ' ಎಂದು ಶಪಿಸಿದಳೆಂದೂ, ಅಂದಿನಿಂದ ರಾಣಿ ಅರಮನೆಯಲ್ಲಿ ಬೆಕ್ಕನ್ನೇ ಸಾಕಗೊಡಲಿಲ್ಲವೆಂದೂ ಕಥೆ. ಗಂಡನ ಹೆಸರಲ್ಲಿ ಆಳಿದಳು, ಮಕ್ಕಳ ಹೆಸರಲ್ಲಿ ಆಳಿದಳು, ಅರವತ್ತು ದಾಟಿದ ಮೇಲೆ ಯಾರ ಹೆಸರೂ ಬೇಡವೆಂದು ತಾನೇ ಚಕ್ರವರ್ತಿ ಎಂದು ಪಟ್ಟ ಕಟ್ಟಿಕೊಂಡಳು. ಎಲ್ಲ ಸೇರಿದರೆ ಅರ್ಧ ಶತಮಾನದ ಆಳ್ವಿಕೆ. ಒಳ್ಳೆಯವಳು ಎಂದು ನಾನು ಹೇಳುವುದಿಲ್ಲ. ಕೊಂದದ್ದಕ್ಕೆ ಮಿತಿಯಿಲ್ಲ, ಅದರಲ್ಲಿ ಸ್ವಂತದವರೂ ಇದ್ದರು. ಆದರೂ ನನಗೆ ಅವಳು ಹಿಡಿಸಿದಳು.

ಅವಳು ಚಾಡಿಗೆಂದೇ ತಾಮ್ರದ ಪೆಟ್ಟಿಗೆ ಇಡಿಸಿದ್ದಳಂತೆ. ಯಾರ ಮೇಲೆ ಯಾರು ಬೇಕಾದರೂ ದೂರು ಹಾಕಬಹುದು. ಆ ದೂರುಗಳನ್ನು ಹಿಡಿದು ಜನರನ್ನು ಹಿಂಸಿಸಿಯೇ ಮೇಲೆ ಬಂದ ನ್ಯಾಯಾಧಿಕಾರಿ ಒಬ್ಬನಿದ್ದ, ಝೌ ಶಿಂಗ್ ಎಂದು. ಒಂದು ದಿನ ಅವನ ಮೇಲೆಯೇ ದೂರು ಬಂತು. ವಿಚಾರಣೆಗೆ ನೇಮಕವಾದ ಇನ್ನೊಬ್ಬ ಅಧಿಕಾರಿ ಅವನನ್ನು ಊಟಕ್ಕೆ ಕರೆದು ಉಪಾಯವಾಗಿ ಕೇಳಿದ: 'ಅಪರಾಧಿ ಬಾಯಿಯೇ ಬಿಡುವುದಿಲ್ಲ, ಏನು ಮಾಡಲಿ?' ಝೌ ಶಿಂಗ್ ಹೇಳಿದ: 'ಅದೇನು ಮಹಾ? ದೊಡ್ಡ ಹಂಡೆಯ ಸುತ್ತ ಕೆಂಡ ಒಟ್ಟಿ ಕಾಯಿಸಿ, ಅವನನ್ನು ಒಳಗೆ ಇಳಿಸಿ.' ಹಂಡೆ ಬಂತು, ಕೆಂಡ ಬಂತು. 'ದೂರು ನಿಮ್ಮ ಮೇಲೆಯೇ ಇದೆ. ಹಂಡೆಗೆ ದಯಮಾಡಿಸಿ' ಎಂದ ಆ ಅಧಿಕಾರಿ. ಅಕ್ಷಿತಾ ಇಷ್ಟು ಓದಿ ನಿಲ್ಲಿಸಿದಾಗ ನಾನು ಕಾಯಿಯ ಬದಲು ಬೆರಳು ತುರಿದುಕೊಂಡಿದ್ದೆ.

ಸಂಘದ ಹೆಂಗಸರ ಕೂಟಕ್ಕೆ ಹಿಂದೆ ನಾಲ್ಕು ಪ್ರಸಂಗ ಬರೆದ ಕೈ ನನ್ನದು. ಇದನ್ನೂ ಬರೆದೆ. ವಿಚಾರಣೆ ಮಾಡುವ ಅಧಿಕಾರಿಯನ್ನು ತೆಗೆದುಹಾಕಿ, ಝೌ ಶಿಂಗನನ್ನು ಮಂತ್ರಿ ಮಾಡಿ, ಆ ಪ್ರಶ್ನೆಯನ್ನು ರಾಣಿಯೇ ಕೇಳುವ ಹಾಗೆ ಮಾಡಿದೆ. ಆಮೇಲೆ ಭೋಜರಾಜನಿಗೆ ಫೋನು ಮಾಡಿದೆ.

"ಚೀನಾದ ರಾಣಿಯಾ?" ಅವನು ಹೊಟ್ಟೆ ಕುಣಿಸಿ ನಕ್ಕದ್ದು ಫೋನಿನಲ್ಲೇ ಕೇಳಿತು. "ಎಂಥ ಮಾರಾಯ್ತಿ, ತಾಳಮದ್ದಲೆಗೆ ನೂಡಲ್ಸ್ ಬಡಿಸ್ತೀಯಾ?"

"ನಿಮ್ಮದು ಹಳೆ ಪ್ರಸಂಗ ಎಲ್ಲ ಆಯ್ತಲ್ಲ ಭೋಜಣ್ಣ. ಹೋಗುವಾಗ ಹೊಸತೊಂದು ಆಗ್ಲಿ. ರಾಣಿಯನ್ನೇ ಮಾತಲ್ಲಿ ಕಟ್ಟಿ ಹಾಕುವ ಮಂತ್ರಿ ನಿಮ್ಮದು. ಆ ನಾಲಿಗೆ ಬೇರೆ ಯಾರಿಗುಂಟು?"

"ರಾಣಿ ಯಾರು?"

"ನಾನೇ ಅಂತ. ಬೇರೆ ಹೆಂಗಸರಿಗೆ ನಿಮ್ಮ ಎದುರು ಕೂರ್ಲಿಕ್ಕೆ ಹೆದರಿಕೆ."

"ನೀನಾ? ಒಳ್ಳೇದಾಯ್ತು ಬಿಡು. ಹಳೆಯದೆಲ್ಲ ಮನಸ್ಸಲ್ಲಿ ಇಟ್ಟುಕೊಳ್ಳಬಾರದು, ನೋಡು. ಹೋಗುವವನು ಎಲ್ಲರ ಹತ್ತಿರವೂ ಚಂದ ಇದ್ದು ಹೋಗ್ಬೇಕು."

ಚಂದ ಅಂತೆ, ಚಂದ! ನನ್ನ ಹಲ್ಲು ಕಟಕಟ ಎಂದಿತು. "ಕಥೆ ಪೂರ್ತಿ ಕಳಿಸ್ಲಾ ಭೋಜಣ್ಣ?" ಎಂದು ಜೇನು ಸುರಿಸಿ ಕೇಳಿದೆ.

"ಬೇಡ, ಬೇಡ. ನನ್ನ ಪದ್ಯ ಕಳಿಸು ಸಾಕು."

ಗುರುವಾರ ಸೂರ್‌ನಿಂದ ಬಂದ ಇವರಿಗೆ ವಿಷಯ ಹೇಳಿದೆ. ಇವರು ಬೂಟು ಬಿಚ್ಚುವುದನ್ನು ನಿಲ್ಲಿಸಿ, "ಬೇಡ ಲೋಲು. ಹೋಗ್ತಾನಲ್ಲ, ಹೋಗ್ಲಿ" ಎಂದರು.

"ಹೋಗ್ಲಿ ಹೋಗ್ಲಿ ಅಂತ ಹೇಳಿಯೇ ಹತ್ತು ವರ್ಷ ಆದದ್ದು."

"ಹಾಗಾದ್ರೆ ನಾನು ಹಿಂದೆ ಕೂತುಕೊಳ್ತೇನೆ. ಏನೇ ಆಗ್ಲಿ, ನನ್ನನ್ನು ಸ್ಟೇಜಿಗೆ ಮಾತ್ರ ಕರೀಬೇಡ" ಎಂದು ಹೇಳಿ ಸ್ನಾನಕ್ಕೆ ಹೋದರು.

ಮರುದಿನ ಶುಕ್ರವಾರ ಸಂಜೆ ಬೌಷರಿನ ಹಾಲ್ ತುಂಬಿ ಬಾಗಿಲಲ್ಲೂ ಜನ ನಿಂತಿದ್ದರು. ಮೊದಲ ಸಾಲಿನಲ್ಲಿ ಭೋಜರಾಜನ ಹೆಂಡತಿ ವಾರಿಜಕ್ಕ, ಪಕ್ಕದಲ್ಲಿ ದುಬೈನಿಂದ ರಜೆ ಹಾಕಿ ಬಂದ ಮಗ ವಿಕಾಸ್. ಸ್ಟೇಜಿನಲ್ಲಿ ಎರಡು ಮೈಕು, ನಡುವೆ ಕಾಲುದೀಪ. ಭಾಗವತಿಕೆಗೆ ಸುಮಿತ್; ಏರ್‌ಪೋರ್ಟಿನಲ್ಲಿ ಕೆಲಸ, ಕಂಠ ಮಾತ್ರ ದೇವರು ಕೊಟ್ಟದ್ದು. ಚೀನಾದ ಹೆಸರುಗಳಿಗೆ ನಾಲಿಗೆ ಹೊರಳಿಸಲು ಮಾತ್ರ ಹುಡುಗ ಬಹಳ ಒದ್ದಾಡಿದ.

ಮೊದಲರ್ಧ ಭೋಜರಾಜನದೇ. ಒಪ್ಪಬೇಕು, ಅವನ ಅರ್ಥ ಎಂದರೆ ಅರ್ಥ. ನಾನು ಮಠದಿಂದ ಸಿಂಹಾಸನಕ್ಕೆ ಬಂದ ಕಥೆಯನ್ನು ಹೇಳಿ ಮುಗಿಸುತ್ತಿದ್ದಂತೆ, "ಬೋಳಿಸಿದ ತಲೆಯ ಮೇಲೆ ಕಿರೀಟ ನಿಲ್ಲುವುದು ಕಷ್ಟ, ಮಹಾರಾಣಿ" ಎಂದು ಕುಟುಕಿದ. ಸಭೆ ನಕ್ಕಿತು.

"ಕಿರೀಟ ಜಾರದಂತೆ ಹಿಡಿಯಲು ಎರಡು ಕಿವಿಗಳಿವೆ, ಮಂತ್ರಿವರ್ಯ. ಅವು ಚಾಡಿಯನ್ನೂ ಕೇಳುತ್ತವೆ, ಚಾಡಿ ಹೇಳಿದವನ ಎದೆಬಡಿತವನ್ನೂ ಕೇಳುತ್ತವೆ" ಎಂದೆ. ಅದಕ್ಕೂ ಚಪ್ಪಾಳೆ ಬಿತ್ತು. ಅವನು 'ಪರವಾಗಿಲ್ಲವೇ ಇವಳು' ಎಂಬಂತೆ ಹುಬ್ಬೇರಿಸಿ, ಶಾಲು ಸರಿ ಮಾಡಿಕೊಂಡ.

ಆಗ ಸುಮಿತ್ ನಾನು ಕಾದಿದ್ದ ಪದ್ಯ ಎತ್ತಿದ:

ಕೇಳು ಮಂತ್ರಿಯೆ ನಂಬಿದವರನು ಕೊಂದ ಖಳನಿಗೆ
ಹೇಳು ತಕ್ಕುದದೇನು ದಂಡನೆ ಧರ್ಮಸಭೆಯೊಳು

"ಮಂತ್ರಿವರ್ಯ," ಎಂದೆ, "ತಾನು ಮಾಡಿದ ದ್ರೋಹವನ್ನು ಗೆಳೆಯನ ತಲೆಗೆ ಕಟ್ಟಿದವನೊಬ್ಬನಿದ್ದಾನೆ. ಕೇಳಿದರೆ ತನ್ನ ಮಾತೇ ಸತ್ಯವೆನ್ನುತ್ತಾನೆ. ದಂಡನೆಗೆ ಮುಂಚೆ ಅವನ ಬಾಯಿ ಬಿಡಿಸುವುದು ಹೇಗೆ?"

ಅವನು ಕೊರಡೆ ಎನ್ನಲಿ, ಬೆಂಕಿ ಎನ್ನಲಿ, 'ಹಾಗಾದರೆ ನೀವೇ ದಯಮಾಡಿಸಿ' ಎಂದು ಹೇಳಿ, ದೂರನ್ನು ಎಲ್ಲರ ಎದುರು ಬಿಚ್ಚಿಡುವುದು ನನ್ನ ಲೆಕ್ಕಾಚಾರ. ಅಷ್ಟೇ. ಆದರೆ ದೇವರು ನನ್ನ ಕಡೆಗಿದ್ದ.

ಭೋಜರಾಜ ಎದೆ ಸೆಟೆಸಿ ಕೂತ. "ಮಹಾರಾಣಿ, ಬೆಂಕಿ, ಕೊರಡೆ, ಸಂಕೋಲೆ ಇವೆಲ್ಲ ಮೈಗೆ ಮುಟ್ಟುವಂಥವು. ಮೈ ಸುಳ್ಳು ಹೇಳೀತು. ಕರುಳು ಸುಳ್ಳು ಹೇಳದು! ದೀಪ ಬೆಳಗಿಸಿ. ಅವನ ಕರುಳಕುಡಿಯನ್ನು ದೀಪದ ಮುಂದೆ ಕೂರಿಸಿ. ಮಗನ ನೆತ್ತಿಯ ಮೇಲೆ ಅಂಗೈ ಇಟ್ಟು, 'ನಾನು ನುಡಿದದ್ದು ಸತ್ಯ' ಎನ್ನಲಿ. ನಂಬಿದ ದೈವ ಕೇಳುತ್ತಿರುವಾಗ ಮಗನ ತಲೆ ಮುಟ್ಟಿ ಸುಳ್ಳಾಡುವ ತಂದೆ ಈ ಭೂಮಿಯ ಮೇಲೆ ಹುಟ್ಟಿಲ್ಲ, ಹುಟ್ಟುವುದೂ ಇಲ್ಲ!"

ಹಾಲ್ ಸಿಡಿಯುವ ಹಾಗೆ ಚಪ್ಪಾಳೆ, ಸಿಳ್ಳೆ. ನಮ್ಮ ಊರಿನವರಿಗೆ ಆಣೆ ಎಂದರೆ ಮೈ ಜುಮ್ಮೆನ್ನುತ್ತದೆ, ಅದು ಅವನಿಗೆ ಗೊತ್ತು. ಆ ಚಪ್ಪಾಳೆಯ ಆಸೆಗೆ ತುಳುನಾಡಿನ ಆಣೆಯನ್ನೇ ಚೀನಾದ ಅರಮನೆಗೆ ಹೊತ್ತು ತಂದಿದ್ದ.

ಚಪ್ಪಾಳೆ ಇಳಿಯುವವರೆಗೆ ಕಾದೆ. "ಧನ್ಯಳಾದೆ, ಮಂತ್ರಿವರ್ಯ. ನಾನು ಹಂಡೆ ಕಾಯಿಸಬೇಕೆಂದಿದ್ದೆ. ನೀವು ಅದಕ್ಕಿಂತ ಒಳ್ಳೆಯದನ್ನು ಕೊಟ್ಟಿರಿ. ದೂರು ಬಂದಿರುವುದು ನಿಮ್ಮ ಮೇಲೆಯೇ."

"ನನ್ನ ಮೇಲೆ?" ಅವನು ಪಾತ್ರದಲ್ಲೇ ನಕ್ಕ. "ಹಾಗೆಂದವನ ನಾಲಿಗೆ ಸೀಳಿಸಿ, ಮಹಾರಾಣಿ."

"ಸೀಳಿಸೋಣ, ಮೊದಲು ಕೇಳಿ. ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಪಾತ್ರೆಯ ಗಂಜಿ ಉಂಡ ಗೆಳೆಯನೊಬ್ಬ ನಿಮಗಿದ್ದ. ಒಡೆಯನ ದರದ ಗುಟ್ಟನ್ನು ಎದುರಾಳಿಗೆ ಕೊಟ್ಟವರು ನೀವು. ಕಣ್ಣೀರು ತಂದುಕೊಂಡು ಗೆಳೆಯನ ಹೆಸರು ಹೇಳಿದವರು ನೀವು. ವರ್ಷದೊಳಗೆ ಅದೇ ಎದುರಾಳಿಯ ಕಚೇರಿಯಲ್ಲಿ ಪೀಠ ಹಾಕಿಕೊಂಡವರೂ ನೀವು. ಅಲ್ಲವೆನ್ನುವಿರಾದರೆ ದೀಪ ಇಲ್ಲಿದೆ. ಮಗ ಮೊದಲ ಸಾಲಿನಲ್ಲಿದ್ದಾನೆ."

ಅರ್ಥವಾಗದವರು ಅಲ್ಲಿ ಒಬ್ಬರೂ ಇರಲಿಲ್ಲ. ಸುಮಿತನ ಕೈಯ ತಾಳ ಹಾಗೆಯೇ ನಿಂತಿತು. ಭೋಜರಾಜ ನೀರು ಕುಡಿದ, ಬಾಯಿ ಒರೆಸಿದ. "ಮಹಾರಾಣಿ, ಚೀನಾ ದೇಶದಲ್ಲಿ ಆಣೆ ಪ್ರಮಾಣದ ಪದ್ಧತಿ ಇಲ್ಲವಲ್ಲ?"

"ಈಗಷ್ಟೇ ನೀವು ತಂದಿರಲ್ಲ, ಮಂತ್ರಿವರ್ಯ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕು ತಕ್ಷಣ ಸುಮ್ಮನಾದರು. ಭೋಜರಾಜ ಎದ್ದು ಹೋಗಬಹುದಿತ್ತು. ಆದರೆ ಪ್ರಶ್ನೆಯ ನಡುವೆ ಎದ್ದು ಹೋದ ಅರ್ಥಧಾರಿ ಎಂದು ಊರಿಗೆ ಹೇಗೆ ಹೋಗುವುದು? ಆ ನಾಲಿಗೆಯೇ ಅವನನ್ನು ಕುರ್ಚಿಗೆ ಕಟ್ಟಿ ಹಾಕಿತ್ತು.

ಆಗ ವಿಕಾಸ್ ಎದ್ದ. ನನ್ನನ್ನು ಸುಡುವ ಹಾಗೆ ನೋಡುತ್ತ ಸ್ಟೇಜು ಹತ್ತಿ ಬಂದು, ದೀಪದ ಎದುರು ಚಕ್ಕಳಮಕ್ಕಳ ಹಾಕಿ ಕೂತು, ತಲೆ ಬಗ್ಗಿಸಿದ. "ಪಪ್ಪಾ, ಜಸ್ಟ್ ಡೂ ಇಟ್. ಕೈ ಇಟ್ಟು ಹೇಳಿ. ಇವರಿಗೆ ಗೊತ್ತಾಗ್ಲಿ."

ಆ ಹುಡುಗನ ನಂಬಿಕೆ ಕಂಡು ನನ್ನ ಕರುಳು ಚುರುಕ್ಕೆಂದಿತು, ಇಲ್ಲವೆನ್ನುವುದಿಲ್ಲ. 'ಸಾಕು, ಏಳು ಮಗ' ಎನ್ನಬಹುದಿತ್ತು. ಎನ್ನಲಿಲ್ಲ. 'ನಿನ್ನ ಡ್ಯಾಡಿ ಥೀಫ್ ಅಂತೆ' ಎಂದು ಶಾಲೆಯ ಬಸ್ಸಿನಲ್ಲಿ ಕೇಳಿಸಿಕೊಂಡು, ಮನೆಗೆ ಬಂದು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತ ನನ್ನ ಮಗಳಿಗೆ ಆಗ ಎಷ್ಟು ಪ್ರಾಯ? ಆ ದಿನ ಯಾರು ಸಾಕು ಎಂದಿದ್ದರು?

ಭೋಜರಾಜನ ಬಲಗೈ ಮೇಲೆದ್ದಿತು. ಉಂಗುರಗಳ ಕೈ. ಮಗನ ತಲೆಯ ಮೇಲೆ ಬಂದು, ಕೂದಲು ಮುಟ್ಟುವಷ್ಟರಲ್ಲಿ ಗಾಳಿಯಲ್ಲೇ ನಿಂತಿತು.

"ಬೊಡ್ಚಿ!" ವಾರಿಜಕ್ಕ ತುಳುವಿನಲ್ಲಿ ಬೇಡವೆಂದು ಚೀರುತ್ತ ಕುರ್ಚಿ ಉರುಳಿಸಿಕೊಂಡು ಎದ್ದಿದ್ದರು. "ಬೊಡ್ಚಿ! ಎನ್ನ ಬಾಲೆ, ನನ್ನ ಮಗು! ಅವನ ತಲೆ ಮುಟ್ಟಬೇಡಿ ಇವರೇ, ನಿಮ್ಮ ದಮ್ಮಯ್ಯ, ನನ್ನ ಮಗನ ತಲೆ ಮಾತ್ರ ಮುಟ್ಟಬೇಡಿ!"

ಇನ್ನು ಹೇಳಲು ಏನು ಉಳಿಯಿತು? ವಿಕಾಸ್ ತಲೆ ಎತ್ತಿ ಅಮ್ಮನನ್ನು ನೋಡಿದ, ಆಮೇಲೆ ಅಪ್ಪನನ್ನು. "ಪಪ್ಪಾ?" ಎಂದ. ಆ ಕೈ ಗಾಳಿಯಿಂದ ಇಳಿದು ತೊಡೆಯ ಮೇಲೆ ಬಿತ್ತು.

ನಾನು ಮೈಕನ್ನು ಅವನ ಬಾಯಿಗೆ ಹತ್ತಿರ ಸರಿಸಿದೆ. "ಈಗ ಅರ್ಥ ಬೇಡ ಭೋಜಣ್ಣ. ಬರೇ ಮಾತು ಸಾಕು. ಹೇಳಿ."

"ಶೈಲೇಶ್ ಅಲ್ಲ," ಎಂದ ಅವನು. ಅಷ್ಟು ವರ್ಷ ಕೇಳಿದ ಆ ಕಂಚಿನ ಕಂಠ ಎಲ್ಲಿ ಹೋಯಿತೋ. "ಶೈಲೇಶ್ ಏನೂ ಮಾಡಿಲ್ಲ."

"ಮತ್ತೆ ಯಾರು?"

"ನಾನು."

ನಾನು ಅವನ ಮುಖವನ್ನು ಚೆನ್ನಾಗಿ ನೋಡಿದೆ, ಮೂಗಿನ ತುದಿಯ ಬೆವರಿನವರೆಗೆ. ನನ್ನ ಹೊಟ್ಟೆ ತಣ್ಣಗಾಯಿತು. ಪಾಪ ಬಂದರೆ ಬರಲಿ, ತಣ್ಣಗಾದದ್ದು ನಿಜ. ವಿಕಾಸ್ ಎದ್ದು ಅಪ್ಪನ ಕಡೆ ತಿರುಗದೆ ಸ್ಟೇಜಿನಿಂದ ಇಳಿದು ಹೊರಟುಹೋದ. ವಾರಿಜಕ್ಕ ಸೆರಗಿನಲ್ಲಿ ಮುಖ ಒತ್ತಿಕೊಂಡು ಹಿಂದೆಯೇ ಹೋದರು. ಭೋಜರಾಜನಿಗೆ ಹೊದೆಸಬೇಕಿದ್ದ ಶಾಲು, ಹಾರ, ಹಣ್ಣಿನ ಬುಟ್ಟಿ ಮೇಜಿನ ಮೇಲೆ ಹಾಗೆಯೇ ಇದ್ದವು. ಯಾರೂ ಮುಟ್ಟಲಿಲ್ಲ. ಸುಮಿತ್ ಪಾಪ, ಹೇಗೋ ಮಂಗಳಪದ ಹಾಡಿ ಮುಗಿಸಿದ.

ಏನೇ ಆದರೂ ಊಟ ಬಿಟ್ಟು ಹೋಗುವವರಲ್ಲ ನಮ್ಮವರು. ಪಕ್ಕದ ಕೋಣೆಯಲ್ಲಿ ಬಫೆ ತೆರೆದಿತ್ತು. ನಾನು ಅಕ್ಷಿತಾಳ ಜೊತೆ ಅಲ್ಲಿಗೆ ಬರುವಷ್ಟರಲ್ಲಿ ಜನ ನನ್ನ ಗಂಡನನ್ನು ಮುತ್ತಿಕೊಂಡಿದ್ದರು. ಒಬ್ಬರು ಬೆನ್ನು ತಟ್ಟುತ್ತಾರೆ, ಇನ್ನೊಬ್ಬರು ನಾಳೆಯೇ ಮನೆಗೆ ಬನ್ನಿ ಎನ್ನುತ್ತಾರೆ. ಇವರು ಎರಡೂ ಕೈಯಲ್ಲಿ ಊಟದ ತಟ್ಟೆ ಹಿಡಿದು ನಿಂತಿದ್ದರು. ಜಾಯ್ಸನ್ ಎಲ್ಲರನ್ನೂ ತಳ್ಳಿಕೊಂಡು ಬಂದು ಕೈ ಚಾಚಿದರು.

"ಶೈಲೇಶ್, ನನಗೆ ಆವತ್ತೇ ಡೌಟ್ ಇತ್ತು ಮಾರಾಯ."

"ಇತ್ತಾ?" ಇವರು ಕೇಳಿದರು.

"ದೇವರಾಣೆಗೂ ಇತ್ತು!"

"ಹಾಗಾದ್ರೆ ಇಷ್ಟು ವರ್ಷ ಎಂಥ ಮಾಡ್ತಿದ್ದೆ?"

ಜಾಯ್ಸನ್ ಚಾಚಿದ ಕೈ ಚಾಚಿದ ಹಾಗೆಯೇ ಉಳಿಯಿತು. ಇವರು ಅವರನ್ನು ಸುತ್ತು ಹಾಕಿ ಹೋಗಿ, ಮೂಲೆಯ ದೊಡ್ಡ ರೌಂಡ್ ಟೇಬಲಿನಲ್ಲಿ ಕೂತರು. ಹಿಂದೆಯೇ ಬಂದವರೊಬ್ಬರು ಪಕ್ಕದ ಕುರ್ಚಿ ಎಳೆದರು. ಇವರು ಜೇಬಿನಿಂದ ಕರ್ಚೀಫು ತೆಗೆದು ಆ ಕುರ್ಚಿಯ ಮೇಲೆ ಹಾಕಿದರು.

"ಜನ ಉಂಟಾ?"

"ಉಂಟು. ನನ್ನ ಹೆಂಡತಿ."

ಇನ್ನೊಬ್ಬರು ಆಚೆ ಬದಿಗೆ ಬಂದರು. ಅಲ್ಲಿ ಕಾರಿನ ಕೀ ಬಿತ್ತು. "ಅದು ಮಗಳಿಗೆ."

"ಉಳಿದದ್ದು ಖಾಲಿ ಅಲ್ವಾ?" ಎಂದು ಕೇಳಿದರು ಜಾಯ್ಸನ್, ತಟ್ಟೆ ಹಿಡಿದು.

ಇವರು ಎದ್ದು, ಉಳಿದ ಕುರ್ಚಿಗಳನ್ನು ಒಂದೊಂದಾಗಿ ಮುಂದಕ್ಕೆ ಬಗ್ಗಿಸಿ, ಬೆನ್ನು ಮೇಜಿಗೆ ತಾಗುವ ಹಾಗೆ ಒರಗಿಸಿದರು. ಅವಸರ ಇಲ್ಲ, ಮುಖದಲ್ಲಿ ಸಿಟ್ಟಿಲ್ಲ, ಮದುವೆಮನೆಯಲ್ಲಿ ಸಂಬಂಧಿಕರಿಗೆ ಜಾಗ ಹಿಡಿಯುವವರ ಹಾಗೆ. "ಎಲ್ಲದಕ್ಕೂ ಜನ ಉಂಟು" ಎಂದು ಹೇಳಿ ವಾಪಸು ಕೂತು ಅನ್ನ ಕಲಸತೊಡಗಿದರು.

ನಾನು ಒಬ್ಬನ ಮೇಲೆ ಸೇಡು ತೀರಿಸಿಕೊಂಡು ಬೀಗುತ್ತಿದ್ದೆ. ಇವರ ಸಿಟ್ಟು ಎಷ್ಟು ದೊಡ್ಡದೆಂದು ನನಗೆ ಆ ಹೊತ್ತಿಗೆ ಗೊತ್ತಾಯಿತು. ಅಕ್ಷಿತಾಳನ್ನು ಕರೆದುಕೊಂಡು ಹೋಗಿ, ಕರ್ಚೀಫು ತೆಗೆದು ಇವರ ಪಕ್ಕ ಕೂತೆ. ನಾವು ಮೂವರು ಹೊಟ್ಟೆ ತುಂಬ ಉಂಡೆವು. ಜಾಗ ಸಿಗದವರು ಗೋಡೆ ಬದಿಯಲ್ಲಿ ತಟ್ಟೆ ಹಿಡಿದು ನಿಂತೇ ಉಂಡರು.